ನಾಲ್ಕನೆಯ ಜಾವದ ಕೆಲಸ

ಕನ್ನಡದಲ್ಲಿ ಈಗ ಸಿಗುವ ಅತ್ಯಂತ ಹಳೆಯ ಗ್ರಂಥ ಕಥೆಯಲ್ಲ, ಪುರಾಣವಲ್ಲ, ದೇವರ ಸ್ತುತಿಯೂ ಅಲ್ಲ. ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂದು ತಿಳಿಸಿಕೊಡುವ ಪುಸ್ತಕ ಅದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ 'ಕವಿರಾಜಮಾರ್ಗ' ಬರವಣಿಗೆಯ ದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತದೆ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಹೊಂದಿಕೆ ನೋಡದೆ ಬೆಸೆಯುವವರನ್ನು ಗದರಿಸುತ್ತದೆ. ಅದೇ ಪುಸ್ತಕ ಕನ್ನಡ ನಾಡಿನ ಜನರನ್ನು ಹೊಗಳುವಾಗ ಮಾತ್ರ, ಕ್ರಮವಾಗಿ ಓದದಿದ್ದರೂ ಕಾವ್ಯದಲ್ಲಿ ಪಳಗಿದವರು ಇವರು ಎನ್ನುತ್ತದೆ. ಓದದೆಯೇ ಬರುವುದಾದರೆ ಈ ಕೈಪಿಡಿ ಯಾರಿಗಾಗಿ? ಹುಟ್ಟಿನಿಂದ ಬಂದದ್ದೆಷ್ಟು, ಕಲಿತು ಗಳಿಸಿದ್ದೆಷ್ಟು ಎಂಬ ಜಗಳ ನಮ್ಮಲ್ಲಿ ಮೊದಲ ಪುಸ್ತಕದಷ್ಟೇ ಹಳೆಯದು.

ಸಂಸ್ಕೃತದ ಕಾವ್ಯಮೀಮಾಂಸಕರು ಈ ಬಗ್ಗೆ ಸಾಕಷ್ಟು ಚರ್ಚಿಸಿದ್ದಾರೆ. ಪ್ರತಿಭೆ ಇಲ್ಲದವನೂ ಓದಿನಿಂದ, ಬಿಡದ ಪ್ರಯತ್ನದಿಂದ ವಾಗ್ದೇವಿಯ ಅನುಗ್ರಹ ಪಡೆಯಬಹುದು ಎಂದು ದಂಡಿ ಧೈರ್ಯ ತುಂಬಿದ. ಹನ್ನೊಂದನೆಯ ಶತಮಾನದ ಮಮ್ಮಟ ಇನ್ನೂ ಬಿಗಿಯಾಗಿ, ಶಕ್ತಿ, ಲೋಕ ಮತ್ತು ಶಾಸ್ತ್ರಗಳನ್ನು ನೋಡಿ ಬಂದ ನಿಪುಣತೆ, ಬಲ್ಲವರ ಕೈಕೆಳಗಿನ ಅಭ್ಯಾಸ, ಈ ಮೂರೂ ಸೇರಿ ಒಂದೇ ಕಾರಣವೆಂದ. ಕಳೆದ ನಾಲ್ಕೈದು ದಶಕಗಳಲ್ಲಿ ಮನಶ್ಶಾಸ್ತ್ರಜ್ಞರೂ ಶಿಕ್ಷಣ ಸಂಶೋಧಕರೂ ಈ ಚರ್ಚೆಗೆ ಸೇರಿಕೊಂಡಿದ್ದಾರೆ. ಅವರು ಬರೆಯುವವರನ್ನು ಕೂರಿಸಿ, ಗುಂಪು ಮಾಡಿ, ಕರಡುಗಳನ್ನು ಹೋಲಿಸಿ ನೋಡಿದ್ದಾರೆ. ಇವರೆಲ್ಲರ ಮಾತಿನ ಪಕ್ಕದಲ್ಲಿ ಲೇಖಕರು ನಿಜವಾಗಿ ಹೇಗೆ ಕೆಲಸ ಮಾಡಿದರು ಎಂಬುದನ್ನೂ ಇಟ್ಟು ನೋಡಿದರೆ ಒಂದು ಚಿತ್ರ ಮೂಡುತ್ತದೆ. ಹೊತ್ತು, ಜಾಗ, ವೇಗ, ಉಪಕರಣ ಇವುಗಳಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ತಮ್ಮ ಬರಹವನ್ನು ತಾವೇ ಹೊರಗಿನವರಾಗಿ ಓದುವುದನ್ನು ಮಾತ್ರ ಹೆಚ್ಚಿನವರು ಒಂದಲ್ಲ ಒಂದು ದಾರಿಯಿಂದ ಕಲಿತಿದ್ದಾರೆ.

ಬರೆಯುವ ಹೊತ್ತು

ಲೇಖಕರ ದಿನಚರಿಯ ಬಗ್ಗೆ ಭಾರತದಲ್ಲಿ ಸಿಗುವ ಅತಿ ವಿವರವಾದ ಹಳೆಯ ಟಿಪ್ಪಣಿ ಸುಮಾರು ಕ್ರಿ.ಶ. 900ರ ರಾಜಶೇಖರನದು. ಅವನ 'ಕಾವ್ಯಮೀಮಾಂಸೆ' ಕವಿಯ ಹಗಲನ್ನು ನಾಲ್ಕು ಜಾವಗಳಾಗಿ ಹಂಚುತ್ತದೆ. ಮೊದಲನೆಯದು ಓದಿಗೆ, ಎರಡನೆಯದು ರಚನೆಗೆ. ಊಟದ ನಂತರದ ಮೂರನೆಯದು ಗೋಷ್ಠಿಗೆ, ಅಂದರೆ ಕಾವ್ಯ ಬಲ್ಲ ಗೆಳೆಯರ ಜೊತೆ ಮಾತುಕತೆಗೆ. ನಾಲ್ಕನೆಯದು ಬೆಳಿಗ್ಗೆ ಬರೆದದ್ದನ್ನು ಪರೀಕ್ಷಿಸುವುದಕ್ಕೆ. ಪೆಟ್ಟಿಗೆ, ಹಲಗೆ, ಬಳಪ, ಲೇಖನಿ, ಮಸಿಕುಡಿಕೆ, ತಾಳೆಗರಿ, ಭೂರ್ಜಪತ್ರ ಕೈಗೆಟಕುವಂತಿರಬೇಕು ಎಂಬುದನ್ನೂ ಅವನು ಮರೆತಿಲ್ಲ.

ಇಷ್ಟೆಲ್ಲ ನಿಯಮ ಹಾಕಿದವನೇ ಕವಿಗಳನ್ನು ಹೊತ್ತಿನ ಲೆಕ್ಕದಲ್ಲಿ ನಾಲ್ಕು ಬಗೆಯಾಗಿಯೂ ವಿಂಗಡಿಸಿದ. ಬಿಸಿಲು ಕಾಣದ ಕೋಣೆಯಲ್ಲಿ ಕೂತು ಸದಾ ಬರೆಯುವವನು ಒಬ್ಬ, ಮನಸ್ಸು ನೆಟ್ಟಾಗ ಮಾತ್ರ ಬರೆಯುವವನು ಇನ್ನೊಬ್ಬ, ಸಂದರ್ಭ ಒದಗಿದಾಗ ಬರೆಯುವವನು ಮತ್ತೊಬ್ಬ. ಇವರ ಜೊತೆಗೆ, ಮಾಡುವ ಚಾಕರಿಗೆ ಕುಂದು ಬಾರದಂತೆ ಬಿಡುವಿನಲ್ಲಿ ಬರೆಯುವ 'ದತ್ತಾವಸರ'ನೂ ಇದ್ದಾನೆ. ಆಧುನಿಕ ಕನ್ನಡ ಸಾಹಿತ್ಯದ ದೊಡ್ಡ ಪಾಲನ್ನು ಹೊತ್ತವರು ಈ ಕೊನೆಯವರೇ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1943ರಲ್ಲಿ ರಾಜೀನಾಮೆ ಕೊಡುವವರೆಗೂ ಮೈಸೂರು ಸಂಸ್ಥಾನದ ಆಡಳಿತ ಸೇವೆಯಲ್ಲಿದ್ದರು, ಸಣ್ಣ ಕಥೆಯೆಂಬ ಪ್ರಕಾರಕ್ಕೆ ಕನ್ನಡದಲ್ಲಿ ನೆಲೆ ಒದಗಿಸಿದ್ದು ಈ ಸರ್ಕಾರಿ ಕೆಲಸದ ನಡುವೆಯೇ. ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿದ್ದುಕೊಂಡು 'ಶಿಕಾರಿ' ಬರೆದರು. ಅನುಪಮಾ ನಿರಂಜನ ವೈದ್ಯೆ, ಬಾನು ಮುಷ್ತಾಕ್ ವಕೀಲರು.

ಈ ಬಗೆಗೆ ಇಂಗ್ಲೆಂಡಿನ ಹೆಸರಾಂತ ಉದಾಹರಣೆ ಆಂಥೊನಿ ಟ್ರೊಲೊಪ್. ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಅವನು ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ತನ್ನನ್ನು ಎಬ್ಬಿಸಿ ಕಾಫಿ ಕೊಡುವ ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚು ಕೊಡುತ್ತಿದ್ದ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳ ಲೆಕ್ಕದಲ್ಲಿ ಬರೆದು 47 ಕಾದಂಬರಿಗಳನ್ನು ಮುಗಿಸಿದ. ಅವನು ತೀರಿಕೊಂಡ ಮೇಲೆ, 1883ರಲ್ಲಿ, ಆತ್ಮಕಥೆ ಪ್ರಕಟವಾಗಿ ಈ ಲೆಕ್ಕಾಚಾರ ಬಯಲಾದಾಗ ಅವನ ಸಾಹಿತ್ಯಕ ಮರ್ಯಾದೆಗೇ ಪೆಟ್ಟು ಬಿತ್ತು. ಗುಮಾಸ್ತನಂತೆ ಬರೆಯುವವನು ಕಲಾವಿದನಾಗಲಾರ ಎಂಬ ನಂಬಿಕೆ ಅಷ್ಟು ಬಲವಾಗಿತ್ತು.

ಅದೇ ನಂಬಿಕೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ ಪರೀಕ್ಷೆಗೆ ಒಡ್ಡಿದ. 1983ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ 27 ಮಂದಿ ಪ್ರಾಧ್ಯಾಪಕರು ಮೂರು ಗುಂಪಾದರು. ಒಂದು ಗುಂಪು ತೀರಾ ಅಗತ್ಯ ಬಿದ್ದರಷ್ಟೇ ಬರೆಯಬೇಕು. ಎರಡನೆಯದು ಮನಸ್ಸು ಬಂದಾಗ ಬರೆಯಬಹುದು. ಮೂರನೆಯದು ಮನಸ್ಸಿರಲಿ ಬಿಡಲಿ ದಿನಾ ಬರೆಯಲೇಬೇಕು, ತಪ್ಪಿದರೆ ಅವರಿಗೆ ಕಂಡರಾಗದ ಒಂದು ಸಂಸ್ಥೆಗೆ ಅವರ ಹೆಸರಿನಲ್ಲಿ ಹಣ ಹೋಗುತ್ತದೆ. ಮೂರನೆಯ ಗುಂಪು ಹೆಚ್ಚು ಪುಟ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಹೊಸ ಆಲೋಚನೆಗಳು ಹೊಳೆದದ್ದೂ ಆ ಗುಂಪಿಗೇ ಹೆಚ್ಚು. ಆದರೆ ಇದು ಚಿಕ್ಕ ಪ್ರಯೋಗ, ಭಾಗವಹಿಸಿದವರು ಪ್ರಬಂಧ ಬರೆಯುವ ಮೇಷ್ಟ್ರುಗಳು. ಬಾಯ್ಸ್‌ನ ಗಡಿಯಾರಕ್ಕೆ ಕವಿತೆಯೂ ಬಗ್ಗುತ್ತದೆಯೇ ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ.

ದಿನಚರಿಯ ಉಪದೇಶಗಳಿಗೆ ಇನ್ನೊಂದು ಕೊರತೆ ಇದೆ. ಹೊತ್ತು ತನ್ನ ಕೈಯಲ್ಲಿರುವವರಿಗಷ್ಟೇ ಅವು ಹೊಂದುತ್ತವೆ. ಹೆಣ್ಣು ಬರೆಯಬೇಕಾದರೆ ಸ್ವಂತದ ಕೋಣೆಯೊಂದು ಬೇಕು, ವರ್ಷಕ್ಕೆ 500 ಪೌಂಡ್ ವರಮಾನ ಬೇಕು ಎಂದು ವರ್ಜೀನಿಯಾ ವುಲ್ಫ್ 1929ರಲ್ಲಿ ವಾದಿಸಿದಳು. ನಂಜನಗೂಡಿನಲ್ಲಿ ಬಾಲವಿಧವೆ ತಿರುಮಲಾಂಬಾ 1910ರ ದಶಕದಲ್ಲಿಯೇ 'ಸತೀ ಹಿತೈಷಿಣಿ' ಗ್ರಂಥಮಾಲೆ ಕಟ್ಟಿ, ಬರೆದು, ಪ್ರಕಟಿಸಿ, ಪತ್ರಿಕೆಯನ್ನೂ ನಡೆಸಿದರು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಹೊರಬಂದದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ. ಅದಕ್ಕೂ ಮೊದಲಿನ ವರ್ಷಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಕೇಳಿಸಿಕೊಂಡದ್ದು, ಕಂಡದ್ದು ವ್ಯರ್ಥವಾಗಲಿಲ್ಲ ಎಂಬುದಕ್ಕೆ ತಮ್ಮ ಬಂಧುಬಳಗದ ಬಾಲವಿಧವೆಯೊಬ್ಬರ ಬದುಕನ್ನು ಆಧರಿಸಿ ಅವರು 1976ರಲ್ಲಿ ಕೊಟ್ಟ 'ಫಣಿಯಮ್ಮ' ಸಾಕ್ಷಿ. ಬರವಣಿಗೆಯ ತಯಾರಿ ಎಲ್ಲರಿಗೂ ಮೇಜಿನ ಮುಂದೆಯೇ ನಡೆಯುವುದಿಲ್ಲ.

ಓದಿದ್ದನ್ನು ಮರಳಿ ಕಟ್ಟುವುದು

ಹೆಚ್ಚು ಓದಿ, ಬರಹ ತಾನಾಗಿ ಬರುತ್ತದೆ ಎಂಬುದು ಎಲ್ಲರೂ ಕೊಡುವ ಸಲಹೆ. ಇದರಲ್ಲಿ ಅರ್ಧ ಮಾತ್ರ ನಿಜ ಎಂದು ತೋರಿಸುವ ಅಧ್ಯಯನವೊಂದಿದೆ. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಕಾರ್ನೆಗಿ ಸಂಸ್ಥೆಗಾಗಿ ಸಿದ್ಧಪಡಿಸಿದ 'ರೈಟಿಂಗ್ ನೆಕ್ಸ್ಟ್' ವರದಿ, ನಾಲ್ಕರಿಂದ ಹನ್ನೆರಡನೆಯ ತರಗತಿಯ ಮಕ್ಕಳ ಮೇಲೆ ನಡೆದ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ, ಯಾವ ಕಲಿಕೆಯಿಂದ ಬರವಣಿಗೆ ಎಷ್ಟು ಸುಧಾರಿಸಿತು ಎಂದು ಅಳೆಯಿತು. ಇಂಥ ಲೆಕ್ಕದಲ್ಲಿ 0.2 ಚಿಕ್ಕ ಪರಿಣಾಮ, 0.8 ದೊಡ್ಡದು. ಒಳ್ಳೆಯ ಮಾದರಿಗಳನ್ನು ಓದಿ ಅನುಸರಿಸುವುದಕ್ಕೆ ಸಿಕ್ಕಿದ್ದು 0.25. ಓದಿದ್ದನ್ನು ಸಂಗ್ರಹಿಸಿ ತನ್ನ ಮಾತಿನಲ್ಲಿ ಬರೆಯುವುದನ್ನು ಕಲಿಸಿದಾಗ ಸಿಕ್ಕಿದ್ದು 0.82. ಪುಸ್ತಕ ಕಣ್ಣೆದುರು ಹಾದುಹೋದರೆ ಸಾಲದು, ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕು.

ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಮುದ್ರಣಾಲಯದ ಹುಡುಗನಾಗಿದ್ದಾಗಲೇ ಕಂಡುಕೊಂಡಿದ್ದ. 'ಸ್ಪೆಕ್ಟೇಟರ್' ಪತ್ರಿಕೆಯ ಪ್ರಬಂಧವೊಂದರ ಪ್ರತಿ ವಾಕ್ಯದ ಭಾವಕ್ಕೆ ಚುಟುಕು ಟಿಪ್ಪಣಿ ಮಾಡಿಕೊಂಡು, ಕೆಲ ದಿನ ಬದಿಗಿಟ್ಟು, ಮೂಲವನ್ನು ನೋಡದೆ ಟಿಪ್ಪಣಿಯಿಂದಲೇ ಪ್ರಬಂಧವನ್ನು ಮತ್ತೆ ಬರೆಯುತ್ತಿದ್ದ. ಆಮೇಲೆ ಎರಡನ್ನೂ ಹೋಲಿಸಿ ತನ್ನ ಕುಂದುಗಳನ್ನು ಗುರುತಿಸಿಕೊಳ್ಳುತ್ತಿದ್ದ. ಟಿಪ್ಪಣಿಗಳನ್ನು ಬೇಕೆಂದೇ ಕಲಸಿ, ಮತ್ತೆ ಕ್ರಮಕ್ಕೆ ತಂದು ಜೋಡಣೆ ಕಲಿತ. ಗದ್ಯವನ್ನು ಪದ್ಯ ಮಾಡಿ, ಪದ್ಯವನ್ನು ಮರಳಿ ಗದ್ಯ ಮಾಡಿ ಪದಸಂಪತ್ತು ಬೆಳೆಸಿಕೊಂಡ.

ಕನ್ನಡದಲ್ಲಿ ಈ ಕಸರತ್ತಿನ ಜಾಗ ತುಂಬಿದ್ದು ಅನುವಾದ. ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂದಾಗ ಅದು ಓದುಗರಿಗೆ ಪರದೇಶದ ಕವಿತೆಗಳ ಪರಿಚಯ ಮಾಡಿಸಿತು. ಬರೆಯುವವರಿಗಂತೂ ಹೊಸ ಛಂದಸ್ಸು, ಹೊಸ ವಾಕ್ಯಗತಿ ಕನ್ನಡದಲ್ಲಿ ಹೇಗೆ ನಿಲ್ಲುತ್ತವೆ ಎಂಬ ಪ್ರಯೋಗಶಾಲೆಯೇ ಆಯಿತು. ಮಾಸ್ತಿಯವರು 'ಕಿಂಗ್ ಲಿಯರ್' ಅನ್ನು ತಂದರು, ಕುವೆಂಪು 'ಟೆಂಪೆಸ್ಟ್' ಅನ್ನು 'ಬಿರುಗಾಳಿ'ಯಾಗಿ, 'ಹ್ಯಾಮ್ಲೆಟ್' ಅನ್ನು 'ರಕ್ತಾಕ್ಷಿ'ಯಾಗಿ ನಮ್ಮ ನೆಲಕ್ಕೆ ಒಗ್ಗಿಸಿದರು. ಅನುವಾದಕ ತನಗೆ ಬೇಕಾದ ಕಡೆ ಜಾರಿಕೊಳ್ಳಲಾರ. ಮೂಲದ ಒಂದೊಂದು ಮಾತಿಗೂ ಅವನು ಲೆಕ್ಕ ಒಪ್ಪಿಸಬೇಕು. ಸ್ವಂತ ಬರಹದಲ್ಲಿ ಮೈಗಳ್ಳತನ ಮಾಡುವವರಿಗೆ ಇಷ್ಟು ಬಿಗಿಯಾದ ಶಾಲೆ ಇನ್ನೊಂದಿಲ್ಲ.

ಕಿವಿಯ ಕಲಿಕೆ

ಕನ್ನಡದ ಲೇಖಕರ ಪಟ್ಟಿಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ, ಕೈಲಾಸಂ, ಜಿ.ಪಿ. ರಾಜರತ್ನಂ ಇವರದು ತಮಿಳು. ಗಿರೀಶ ಕಾರ್ನಾಡ, ಚಿತ್ತಾಲ, ಜಯಂತ ಕಾಯ್ಕಿಣಿ ಇವರದು ಕೊಂಕಣಿ. ನಿಸಾರ್ ಅಹಮದ್ ಅವರದು ಉರ್ದು, ಸಾರಾ ಅಬೂಬಕ್ಕರ್ ಅವರದು ಮಲಯಾಳ. ಬಾನು ಮುಷ್ತಾಕ್ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರುವಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತು ಹಾಕಲಾಗಿತ್ತು. ಆ ಹುಡುಗಿಗೆ ಕೆಲವೇ ದಿನ ಸಾಕಾದವು. ಅವರ ಕಥೆಗಳ 'ಹಾರ್ಟ್ ಲ್ಯಾಂಪ್' ಸಂಕಲನ, ದೀಪಾ ಭಾಸ್ತಿಯವರ ಅನುವಾದದಲ್ಲಿ, 2025ರ ಅಂತರರಾಷ್ಟ್ರೀಯ ಬೂಕರ್ ಪಡೆಯಿತು.

ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಇದ್ದವರಿಗೆ ಕನ್ನಡ ಗಾಳಿಯಂತೆ ಸುಮ್ಮನೆ ಒಳಹೋಗುವುದಿಲ್ಲ. ಯಾರು ಯಾರಿಗೆ ಹೇಗೆ ಮಾತನಾಡುತ್ತಾರೆ, ಸಿಟ್ಟು ಬಂದಾಗ ವಾಕ್ಯ ಎಲ್ಲಿ ಮುರಿಯುತ್ತದೆ ಎಂಬುದನ್ನು ಅವರು ಗಮನವಿಟ್ಟು ಕೇಳಬೇಕಾಗುತ್ತದೆ. ಬೇಂದ್ರೆಯವರ ಕವಿತೆಗಳಲ್ಲಿ ಧಾರವಾಡದ ಆಡುಮಾತು, ಗರತಿಯ ಹಾಡಿನ ಲಯ ಅಷ್ಟು ಸಹಜವಾಗಿ ಕುಣಿಯುವುದರ ಹಿಂದೆ ಇಂಥ ಕಿವಿ ಇದೆ. ರಾಜರತ್ನಂ ತಮ್ಮ ಪದ್ಯಗಳ ಕುಡುಕ ರತ್ನನ ಬಾಯಿಗೆ ಕಟ್ಟಿಕೊಟ್ಟ ಭಾಷೆ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಮನೆಮಾತು ಕನ್ನಡವಾದವರಲ್ಲೂ ಕಿವಿ ತೆರೆದವರು ಬೇರೆಯಾಗಿ ನಿಲ್ಲುತ್ತಾರೆ. ವೈದೇಹಿಯವರು ಕುಂದಾಪುರದ ಕನ್ನಡವನ್ನು ಹೆಂಗಸರ ಅಡುಗೆಮನೆ, ಜಗಲಿಗಳ ಮಾತಿನಿಂದ ಎತ್ತಿ ಕಥೆಗೆ ತಂದರು. ದೇವನೂರ ಮಹಾದೇವ 'ಕುಸುಮಬಾಲೆ'ಯಲ್ಲಿ ನಂಜನಗೂಡು, ಚಾಮರಾಜನಗರ ಸೀಮೆಯ ನುಡಿಯನ್ನು ಸಂಭಾಷಣೆಗಷ್ಟೇ ಸೀಮಿತಗೊಳಿಸದೆ ನಿರೂಪಣೆಗೂ ಹರಡಿದರು. ಪುಸ್ತಕದ ಕನ್ನಡಕ್ಕೆ ಒಗ್ಗಿದ ಓದುಗರು ಮೊದಲು ತಡವರಿಸಿದರು, ಗಟ್ಟಿಯಾಗಿ ಓದಿಕೊಂಡವರಿಗೆ ದಾರಿ ತೆರೆಯಿತು.

ಹಾಗಾದರೆ ವ್ಯಾಕರಣ? 'ರೈಟಿಂಗ್ ನೆಕ್ಸ್ಟ್' ವರದಿಯಲ್ಲಿ ಋಣ ಚಿಹ್ನೆ ಪಡೆದ ಒಂದೇ ವಿಷಯ ಅದು. ವ್ಯಾಕರಣವನ್ನು ಬರವಣಿಗೆಯಿಂದ ಬೇರ್ಪಡಿಸಿ ಪಾಠ ಮಾಡಿದಾಗ ಬಂದ ಅಂಕಿ ‑0.32. ಚಿಕ್ಕ ವಾಕ್ಯಗಳನ್ನು ಬಗೆಬಗೆಯಾಗಿ ಕೂಡಿಸಿ ದೊಡ್ಡ ವಾಕ್ಯ ಕಟ್ಟುವ ಅಭ್ಯಾಸಕ್ಕೆ ಬಂದದ್ದು 0.50. ಅವು ಇಂಗ್ಲಿಷ್ ತರಗತಿಗಳ ಅಂಕಿಗಳು, ಕನ್ನಡಕ್ಕೆ ಹಾಗೆಯೇ ಅಂಟಿಸಲಾಗದು. ಆದರೂ ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜ ಸೂತ್ರ ಹೇಳಿ ಸುಮ್ಮನಾಗದೆ, ಪ್ರತಿ ಸೂತ್ರಕ್ಕೂ ಹಿಂದಿನ ಕವಿಗಳ ಪ್ರಯೋಗವನ್ನು ತಂದು ತೋರಿಸಿದ. ಆ ಕ್ರಮದಲ್ಲಿ ಒಂದು ವಿವೇಕವಿದೆ. ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಸಂಶಯಗಳಿಗೆ ಉತ್ತರಿಸಿದ್ದೂ ಹೀಗೆಯೇ, ಪದ ಎಲ್ಲಿಂದ ಬಂತು, ಯಾರು ಹೇಗೆ ಬಳಸಿದರು ಎಂಬ ದಾರಿ ಹಿಡಿದು.

ಹೋಗಿ ನೋಡಿದವರು

ಮಮ್ಮಟ ಹೇಳಿದ ಲೋಕವೀಕ್ಷಣೆಗೆ ಕನ್ನಡದಲ್ಲಿ ಉದಾಹರಣೆಗಳ ಬರವಿಲ್ಲ. ಮಹಾಭಾರತವನ್ನು ಪವಾಡಗಳಿಲ್ಲದೆ ಮನುಷ್ಯರ ಕಥೆಯಾಗಿ ಬರೆಯಲು ಹೊರಟ ಎಸ್.ಎಲ್. ಭೈರಪ್ಪನವರು ಗ್ರಂಥಗಳಲ್ಲಿ ಮುಳುಗಿದ್ದಷ್ಟೇ ಅಲ್ಲ, ಹಿಮಾಲಯದ ತಪ್ಪಲಿನ ಹಳ್ಳಿಗಳನ್ನೂ ಮಹಾಭಾರತದ ಜೊತೆ ತಳುಕು ಹಾಕಿಕೊಂಡ ಊರುಗಳನ್ನೂ ಸುತ್ತಿದರು. ಅಣ್ಣತಮ್ಮಂದಿರಿಗೆ ಒಬ್ಬಳೇ ಹೆಂಡತಿಯಾಗುವ ಪದ್ಧತಿ ಉಳಿದಿದ್ದ ಕಡೆ ಹೋಗಿ ನೋಡಿದರು. 1979ರ 'ಪರ್ವ'ದ ದ್ರೌಪದಿಗೆ ಆ ಓಡಾಟದ ಋಣವಿದೆ. ಶಿವರಾಮ ಕಾರಂತರು ಯಕ್ಷಗಾನಕ್ಕಾಗಿ ಕರಾವಳಿ ಅಲೆದರು. 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ' ಸಂಪುಟಗಳಿಗಾಗಿ ತಮಗೆ ತಿಳಿಯದ ವಿಷಯಗಳನ್ನೆಲ್ಲ ಓದಿ ಕನ್ನಡದಲ್ಲಿ ತಿಳಿಹೇಳಿದರು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಕಾಫಿ ತೋಟದಲ್ಲಿ ನೆಲೆಸಿ, ಮೀನು ಹಿಡಿದು, ಹಕ್ಕಿಗಳ ಫೋಟೊ ತೆಗೆದು, ಆ ಕುತೂಹಲದಿಂದಲೇ 1980ರಲ್ಲಿ 'ಕರ್ವಾಲೊ' ಬರೆದರು.

ತಿಳಿದವರು ಬರೆದದ್ದೆಲ್ಲ ಓದುವಂತಿರುತ್ತದೆ ಎಂದೇನಿಲ್ಲ. ವಿಷಯ ಚೆನ್ನಾಗಿ ಗೊತ್ತಿರುವುದೇ ಕೆಲವೊಮ್ಮೆ ಅಡ್ಡಿ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ನಡೆಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಎದುರಿಗಿದ್ದವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂಬುದು ಕುಟ್ಟುವವರ ಊಹೆ. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರಕ್ಕೆ ಮಾತ್ರ. ಕುಟ್ಟುವವರ ತಲೆಯೊಳಗೆ ಇಡೀ ಹಾಡು ಮೊಳಗುತ್ತಿತ್ತು, ಕೇಳುವವರಿಗೆ ಸಿಕ್ಕಿದ್ದು ಬರೀ ಟಕಟಕ. ಲೇಖಕನ ಪಾಡೂ ಇದೇ. ಅವನು ಬರೆದ ಸಾಲಿನ ಹಿಂದೆ ಅವನಿಗೆ ಕೇಳಿಸುವುದು ಓದುಗನಿಗೆ ಕೇಳಿಸುವುದಿಲ್ಲ. ಅದು ಅವನಿಗೆ ಹೊಳೆಯುವುದೂ ಇಲ್ಲ.

ಈ ಬಲೆಯಿಂದ ಪಾರಾದ ವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 'ಹಸುರು ಹೊನ್ನು' ಬರೆಯುವಾಗ ಪಾಠ ಒಪ್ಪಿಸಲಿಲ್ಲ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಪ್ರವಾಸದ ಕಥೆ ಹೇಳುತ್ತ, ಹುಡುಗರ ಪೆದ್ದು ಪ್ರಶ್ನೆ, ತಮಾಷೆ, ಪೇಚಾಟಗಳ ನಡುವೆ ಗಿಡಗಳನ್ನು ಪರಿಚಯಿಸಿದರು. ಚಿತ್ರಗಳನ್ನೂ ತಾವೇ ಬರೆದರು. ಏನೂ ತಿಳಿಯದ ಹುಡುಗರು ಪುಸ್ತಕದೊಳಗೇ ಇದ್ದದ್ದರಿಂದ, ಏನೂ ತಿಳಿಯದ ಓದುಗನ ಸಂಶಯವನ್ನು ಲೇಖಕ ಮರೆಯುವಂತೆಯೇ ಇರಲಿಲ್ಲ. ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ತಿದ್ದುವುದೆಂದರೆ

ರಾಜಶೇಖರ ನಾಲ್ಕನೆಯ ಜಾವವನ್ನು ಏಕೆ ಬೇರೆ ಇಟ್ಟ? ಅವನೇ ಕಾರಣ ಕೊಟ್ಟಿದ್ದಾನೆ. ರಚನೆಯ ರಸಾವೇಶದಲ್ಲಿದ್ದಾಗ ವಿವೇಚಿಸುವ ಕಣ್ಣು ಕೆಲಸ ಮಾಡುವುದಿಲ್ಲ. ಅದಕ್ಕೇ ಹೊತ್ತು ಕಳೆಯಲು ಬಿಟ್ಟು, ಹೆಚ್ಚಾದದ್ದನ್ನು ತೆಗೆದು, ಕಡಿಮೆಯಾದದ್ದನ್ನು ತುಂಬಿ, ಸ್ಥಾನ ತಪ್ಪಿದ್ದನ್ನು ಬದಲಿಸಿ, ಮರೆತದ್ದನ್ನು ನೆನೆದು ಸೇರಿಸಬೇಕು. ನ್ಯೂಟನ್‌ಳ ಪ್ರಯೋಗಕ್ಕೆ ಸಾವಿರ ವರ್ಷಕ್ಕೂ ಹಿಂದೆ ಕೊಟ್ಟ ಪರಿಹಾರವಿದು. ತಲೆಯೊಳಗಿನ ಹಾಡು ತಣ್ಣಗಾದ ಮೇಲೆ ಟಕಟಕ ಎಷ್ಟು ಬಡವಾಗಿದೆ ಎಂದು ಬರೆದವನಿಗೂ ಕೇಳಿಸತೊಡಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವವನು ಗದುಗಿನ ಕುಮಾರವ್ಯಾಸ. ಕರಡು ಮಾಡಿಕೊಳ್ಳದೆ, ಒಮ್ಮೆ ಇಟ್ಟ ಪದವನ್ನು ಅಳಿಸದೆ ಕಾವ್ಯ ಬರೆದೆನೆಂಬುದು ಅವನ ಹೆಮ್ಮೆ. ಪಂಪನೂ ತನ್ನ ಎರಡು ಮಹಾಕಾವ್ಯಗಳಲ್ಲಿ ಒಂದನ್ನು ಮೂರು, ಇನ್ನೊಂದನ್ನು ಆರು ತಿಂಗಳಲ್ಲಿ ಮುಗಿಸಿದೆನೆನ್ನುತ್ತಾನೆ. ಈ ಮಾತುಗಳನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕಬೇಕಿಲ್ಲ. ಪಂಪನ ಬೆನ್ನಿಗೆ ಸಂಸ್ಕೃತ, ಪ್ರಾಕೃತ ಕಾವ್ಯಗಳ ಓದಿತ್ತು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಹಾಡಿ ಕೇಳಿಸುವ ಗಮಕಕ್ಕೆ ಒಗ್ಗಿದ ಛಂದಸ್ಸು. ಬರೆಯುವ ಮುನ್ನವೇ ಬಾಯಲ್ಲಿ, ಕಿವಿಯಲ್ಲಿ ತಿದ್ದುಪಡಿ ನಡೆದುಹೋಗುವ ಸಾಧ್ಯತೆ ಅಂಥ ಪರಂಪರೆಯಲ್ಲಿದೆ. ಕೈಲಾಸಂ ತಮ್ಮ ನಾಟಕಗಳನ್ನು ನೆನಪಿನಿಂದ ಹೇಳಿ ಬರೆಸಿದ್ದು, ಕಾರಂತರು ಇಳಿವಯಸ್ಸಿನಲ್ಲಿ ಕಾದಂಬರಿಗಳನ್ನು ಹೇಳಿ ಬರೆಸಿದ್ದು ಇದೇ ಜಾತಿಯ ಕೌಶಲ.

ಕುವೆಂಪು ಹಿಡಿದದ್ದು ನಿಧಾನದ ದಾರಿ. 'ಶ್ರೀ ರಾಮಾಯಣ ದರ್ಶನಂ' ಮುಗಿಯಲು ಸುಮಾರು ಒಂಬತ್ತು ವರ್ಷ ಹಿಡಿದು, ಕೃತಿ 1949ರಲ್ಲಿ ಪ್ರಕಟವಾಯಿತು. ಟಿ.ಎಸ್. ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' 1922ರಲ್ಲಿ ಬಂದದ್ದು ಎಜ್ರಾ ಪೌಂಡ್ ಮೂಲದ ಎಷ್ಟೋ ಪುಟಗಳಿಗೆ ಕತ್ತರಿ ಹಾಕಿದ ಮೇಲೆ. 1971ರಲ್ಲಿ ಹಸ್ತಪ್ರತಿ ಅಚ್ಚಾದಾಗ ಆ ಗಾಯದ ಗುರುತುಗಳು ಎಲ್ಲರಿಗೂ ಕಂಡವು. ದೇವನೂರ ಮಹಾದೇವರ ಕಥನಸಾಹಿತ್ಯವನ್ನೆಲ್ಲ ಸೇರಿಸಿದರೂ ಕೆಲವೇ ನೂರು ಪುಟ. ಬರೆಯದೆ ಇರುವ ಸಂಯಮವೂ ತಿದ್ದುವಿಕೆಯ ಒಂದು ಬಗೆ.

ಹೊಸಬರು, ಪಳಗಿದವರು ತಿದ್ದುವಾಗ ಬೇರೆ ಬೇರೆ ಕೆಲಸ ಮಾಡುತ್ತಾರೆ ಎಂಬುದನ್ನು ನ್ಯಾನ್ಸಿ ಸಾಮರ್ಸ್ 1980ರಲ್ಲಿ ತೋರಿಸಿಕೊಟ್ಟಳು. ಕಾಲೇಜಿನ ಮೊದಲ ವರ್ಷದ 20 ವಿದ್ಯಾರ್ಥಿಗಳು, ಅನುಭವವಿದ್ದ 20 ಲೇಖಕರು, ಇವರ ಕರಡುಗಳನ್ನು ಸಾಲು ಸಾಲಾಗಿ ಹೋಲಿಸಿ ನೋಡಿದಳು. ವಿದ್ಯಾರ್ಥಿಗಳು ಪದ ಬದಲಿಸಿದರು. ಒಂದೇ ಶಬ್ದ ಎರಡು ಕಡೆ ಬಂದಿದೆಯೇ, ಇದಕ್ಕಿಂತ ಚಂದದ ಪದವಿದೆಯೇ ಎಂಬುದರಾಚೆ ಅವರ ಕಣ್ಣು ಹಾಯಲಿಲ್ಲ. ಲೇಖಕರು ಮೊದಲ ಕರಡಿನಲ್ಲಿ ತಮ್ಮ ವಾದ ಏನೆಂಬುದನ್ನೇ ಹುಡುಕುತ್ತಿದ್ದರು. ಅದು ಸಿಕ್ಕಮೇಲೆ ಹೊಂದದ್ದನ್ನು ಪ್ಯಾರಾಗಟ್ಟಲೆ ಕಿತ್ತು, ಓದುಗನ ಕಣ್ಣಿನಿಂದ ಮತ್ತೊಮ್ಮೆ ಜೋಡಿಸುತ್ತಿದ್ದರು.

ಮೊದಲ ಓದುಗರು

ತಾನೇ ಹೊರಗಿನವನಾಗುವುದು ಕಷ್ಟವಾದಾಗ ಹೊರಗಿನವರನ್ನೇ ಕರೆಯಬೇಕು. ಕನ್ನಡ ಸಾಹಿತ್ಯದ ತಿರುವುಗಳಲ್ಲಿ ಇಂಥ ಒಬ್ಬ ಓದುಗ ಮತ್ತೆ ಮತ್ತೆ ಎದುರಾಗುತ್ತಾನೆ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂಬ ಸಲಹೆ ಸಿಕ್ಕಿತು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದ ಯು.ಆರ್. ಅನಂತಮೂರ್ತಿ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಚಿತ್ರವನ್ನು ಅಡಿಬರಹವಿಲ್ಲದೆ ನೋಡಿ, ಆ ಬಗ್ಗೆ ತಮ್ಮ ಗುರು ಮ್ಯಾಲ್ಕಂ ಬ್ರ್ಯಾಡ್‌ಬರಿಯ ಜೊತೆ ಮಾತಾಡಿದ್ದು 'ಸಂಸ್ಕಾರ'ಕ್ಕೆ ಕಿಡಿಯಾಯಿತು. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಕಾರ್ನಾಡರು ಆಕ್ಸ್‌ಫರ್ಡಿಗೆ ಹೊರಡುವ ಮುನ್ನ ಕನ್ನಡದಲ್ಲಿ 'ಯಯಾತಿ' ಬರೆದದ್ದು ಅವರಿಗೇ ಅಚ್ಚರಿ. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಅದನ್ನು ಹೊರತಂದಿತು. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕವಿಲ್ಲ ಎಂಬ ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶೆಯನ್ನು ಓದಿ ಅವರು ಇತಿಹಾಸದ ಪುಸ್ತಕ ತೆರೆದರು, ಅಲ್ಲಿ ಸಿಕ್ಕವನೇ ಅವರ ನಾಟಕದ ನಾಯಕನಾದ ತುಘಲಕ್.

ಪತ್ರಿಕೆಗಳೂ ಈ ಕೆಲಸ ಮಾಡಿವೆ. ಮಾಸ್ತಿಯವರ 'ಜೀವನ', ಅಡಿಗರ 'ಸಾಕ್ಷಿ', 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ', ವಿವೇಕ ಶಾನಭಾಗರ 'ದೇಶಕಾಲ', ಇವುಗಳ ಸಂಪಾದಕರು ಸ್ವತಃ ಬರಹಗಾರರು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಲಂಕೇಶರ ಪತ್ರಿಕೆಯಲ್ಲಿ. ಬಾನು ಮುಷ್ತಾಕ್ ಅದೇ ಪತ್ರಿಕೆಯ ವರದಿಗಾರ್ತಿಯಾಗಿದ್ದರು. ಇಬ್ಬರೂ ತಮ್ಮ ಸಮುದಾಯದ ಒಳಗಿನಿಂದ ವಿರೋಧ ಎದುರಿಸಿದವರು. ಬರೆಯುವವರ ಗುಣಗಳಲ್ಲಿ ಧೈರ್ಯವನ್ನು ಎಣಿಸುವಾಗ, ಆ ಧೈರ್ಯಕ್ಕೆ ಬೆಂಬಲವಾಗಿ ನಿಂತ ಸಂಪಾದಕನನ್ನೂ ಓದುಗರನ್ನೂ ಬಿಡುವಂತಿಲ್ಲ. ಗ್ರಹಾಂ–ಪೆರಿನ್ ವರದಿ ಕೂಡ ಸಹಪಾಠಿಗಳು ಸೇರಿ ಯೋಜಿಸಿ, ಬರೆದು, ತಿದ್ದುವುದಕ್ಕೆ 0.75ರ ದೊಡ್ಡ ಅಂಕವನ್ನೇ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಬರೆಯುವುದಕ್ಕೆ ಸಿಕ್ಕ 0.55 ಅದಕ್ಕಿಂತ ಕೆಳಗಿದೆ. ಅಳಿಸಿ ಬರೆಯುವುದನ್ನು ಯಂತ್ರ ಸುಲಭ ಮಾಡುತ್ತದೆ, ಯಾವುದನ್ನು ಅಳಿಸಬೇಕೆಂದು ಗೆಳೆಯರ ಪ್ರಶ್ನೆಯಿಂದಲೇ ತಿಳಿಯಬೇಕು.

ಇಷ್ಟನ್ನು ನಮ್ಮ ಶಾಲೆಗಳ ಪಕ್ಕದಲ್ಲಿಟ್ಟು ನೋಡಿದರೆ ಅಂತರ ಕಾಣುತ್ತದೆ. ಎಸ್‌ಎಸ್‌ಎಲ್‌ಸಿ ಕನ್ನಡ ಪರೀಕ್ಷೆಯಲ್ಲಿ ಪ್ರಬಂಧವಿದೆ, ಪತ್ರಲೇಖನವಿದೆ. ಎರಡೂ ಒಂದೇ ಕೂರಿಕೆಯಲ್ಲಿ ಮುಗಿಯಬೇಕಾದವು. ತರಗತಿಯಲ್ಲಿ ಬರೆಸಿದ ಪ್ರಬಂಧ ಕೆಂಪು ಮಸಿಯ ಗುರುತು ಹೊತ್ತು ಮರಳಿದರೆ ಅಲ್ಲಿಗೆ ಅದರ ಆಯಸ್ಸು ಮುಗಿಯಿತು, ಅದನ್ನು ಮತ್ತೆ ಬರೆಯಬೇಕೆಂದು ಯಾರೂ ಕೇಳುವುದಿಲ್ಲ. ಪಠ್ಯಕ್ರಮ ಬದಲಿಸದೆಯೂ ಮೇಷ್ಟ್ರೊಬ್ಬರು ಮಾಡಬಹುದಾದದ್ದಿದೆ. ವರ್ಷಕ್ಕೆ ಹತ್ತು ಪ್ರಬಂಧ ಬರೆಸುವ ಬದಲು ಐದನ್ನೇ ಎರಡೆರಡು ಸಲ ಬರೆಸಬಹುದು. ಮೊದಲ ಕರಡನ್ನು ಪಕ್ಕದ ಬೆಂಚಿನವರು ಓದಿ, ಅರ್ಥವಾಗದ ಕಡೆ ಪ್ರಶ್ನೆ ಬರೆಯಲಿ. ವಾರ ಕಳೆದ ಮೇಲೆ ಬಂದ ಎರಡನೆಯದಕ್ಕೆ ಮಾತ್ರ ಅಂಕ ಬೀಳಲಿ. ತಿದ್ದಬೇಕಾದ ಹಾಳೆಗಳ ಸಂಖ್ಯೆ ಇದರಿಂದ ಹೆಚ್ಚುವುದಿಲ್ಲ, ಅರ್ಧಕ್ಕೆ ಇಳಿಯುತ್ತದೆ.